ಜಡ್ಡು ಅಂದರೆ ಜಡ್ಡೇ

ತಿಕೋಟಾ
ಮಾರ್ಚ್ ೧೩, ಗುರುವಾರ

ಮುನೀರಾ ಸಿಸ್ಟರ್ ಅವರಿಗೆ ಸುಧಾರಾಣಿಯ ನಮಸ್ಕಾರ.

ಫೋನು ಸದಾ ನಮ್ಮ ಮನೆಯವರ ಜೇಬಿನಲ್ಲಿರುತ್ತದೆ, ಅದಕ್ಕೇ ಈ ಪತ್ರ. ಕೂಸಿನ ಲಸಿಕೆಗೆ ನೀವು ಬಂದಾಗ ತಾಯಿ ಕಾರ್ಡಿನೊಳಗೆ ಮಡಿಚಿ ಕೊಡುತ್ತೇನೆ.

ಬಸುರಿಯಿದ್ದಾಗ ನೀವು ಬಂದರೆ ಅತ್ತೆಯನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಹೊಟ್ಟೆ ಮುಟ್ಟಿ ನೋಡುತ್ತಿದ್ದಿರಿ. ಈಗ ನಿಮ್ಮ ಕೈಗೆ ಟ್ಯಾಬ್ ಬಂದಿದೆ. ವಿಜಯಪುರದ ಡಾಕ್ಟರು ಅದರಲ್ಲೇ ಸಿಗುತ್ತಾರೆ. ಕೂಸಿಗೆ ಜ್ವರ ಬಂದಾಗ ಅದೇ ನಮ್ಮನ್ನು ಕಾಪಾಡಿತು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ಮಾವ, ಒಣದ್ರಾಕ್ಷಿ ಆರಿಸುವ ಹೆಂಗಸರು, ಮೈಗೆ ಹತ್ತಿಯೇ ಕೂತ ಅತ್ತೆ.

ಮೊನ್ನೆ ಡಾಕ್ಟರು ನಿದ್ದೆ ಬರುತ್ತದೆಯೇ ಎಂದು ಕೇಳಿದ್ದು ನನ್ನನ್ನು. "ಕೂಸು ಅತ್ತರೂ ಏಳೂದಿಲ್ರಿ ಸಾಹೇಬ್ರ," ಎಂದು ಉತ್ತರಿಸಿದ್ದು ಅತ್ತೆ. ಏಳುವುದೆಲ್ಲಿ ಬಂತು? ನಾನು ಮಲಗಿದರೆ ತಾನೆ! ಕೂಸಿನ ಉಸಿರು ನಿಂತಿತೇನೋ ಎಂದು ಅದರ ಮೂಗಿಗೆ ಬೆರಳು ಹಿಡಿದೇ ಕೂತಿರುತ್ತೇನೆ. ಅಷ್ಟು ಜನರ ಮುಂದೆ ಹೇಗೋ ಒಂದೇ ಮಾತು ಹೊರಬಂತು: "ಮನಸ್ಸಿಗಿ ಜಡ್ಡಾಗೈತ್ರಿ."

ಡಾಕ್ಟರು ಮೈಸೂರು ಕಡೆಯವರು. ನಮ್ಮ ಜಡ್ಡು ಅಂದರೆ ಕಾಯಿಲೆ, ಅವರ ಕಡೆಯಂತೆ ಸೋಮಾರಿತನವಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? "ಮನಸ್ಸು ಜಡ್ಡು ಹಿಡಿದ್ರೆ ಮಲಗೇ ಇರಬೇಡಿಮ್ಮ, ಎದ್ದು ಓಡಾಡಿ, ಕೆಲಸ ಮಾಡಿ," ಎಂದು ನಕ್ಕು, ಮುಂದಿನವರನ್ನು ಕರೆದರು. ನೀವು ನನ್ನ ಮುಖ ನೋಡಿದಿರಿ. ನಿಮಗೆ ತಿಳಿದಿತ್ತು. ನೀವು ಬಾಯಿ ತೆರೆಯುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

ಅಂದಿನಿಂದ ಮನೆಯಲ್ಲಿ ಒಂದೇ ಹಾಡು. "ಜಡ್ಡಂತ ಜಡ್ಡು! ಡಾಕ್ಟರನ ಹೇಳ್ಯಾರ, ಏಳ ಬೇ, ಕಸಾ ಹೊಡಿ." ಇನ್ನು ನಾನು ಏನು ಹೇಳಿದರೂ ಅದು ಡಾಕ್ಟರೇ ಹೇಳಿದ ಮೈಗಳ್ಳತನ. ತವರಿಗೆ ಕಳಿಸಿ ಎಂದೆ, ಅದಕ್ಕೂ ಅದೇ ಉತ್ತರ.

ಸಿಸ್ಟರ್, ಒಂದು ಸುಳ್ಳು ಹೇಳುವಿರಾ? "ಈಕೀನ್ನ ವಿಜಯಪುರ ದವಾಖಾನಿಗಿ ಖುದ್ದು ಕರಕೊಂಡು ಬರ್ರಿ ಅಂತ ಡಾಕ್ಟರು ಅಂದಾರ" ಎಂದುಬಿಡಿ. ನಿಮ್ಮ ಮಾತಾದರೆ ಮಾವ ಕಳಿಸುತ್ತಾರೆ. ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತರೆ ದಾರಿಯಲ್ಲಿ ತೊರವಿ ಊರು ದಾಟುವಷ್ಟರಲ್ಲಿ ಎಲ್ಲ ಹೇಳಿಬಿಡುತ್ತೇನೆ. ಟ್ಯಾಬ್ ಮಾತ್ರ ತೆಗೆಯಬೇಡಿ.

ನಿಮ್ಮ ಹಾದಿ ಕಾಯುತ್ತಿರುವ
ಸುಧಾರಾಣಿ

ತಾ.ಕ.: ಬಾವಿಯ ಕಡೆ ಹೋಗುವಾಗ ಈಗ ಕೂಸನ್ನು ಎತ್ತಿಕೊಳ್ಳುವುದಿಲ್ಲ, ಅತ್ತೆಯ ತೊಡೆಯ ಮೇಲೆ ಹಾಕಿಯೇ ಹೋಗುತ್ತೇನೆ. ಕೆಲಸಕ್ಕೆ ಅಡ್ಡಿಯಾಗದಿರಲೆಂದು ಹೀಗೆ ಮಾಡುತ್ತೇನೆ ಅಂತ ಅವರು ಅಂದುಕೊಂಡಿದ್ದಾರೆ. ನನಗೆ ನನ್ನದೇ ಹೆದರಿಕೆ. ಬೇಗ ಬನ್ನಿ.