ಮಂಚದ ಕೆಳಗೆ

ಪಾರ್ಶ್ವಾ, ತಮ್ಮಾ,

ನಿನ್ನೆ ಸಂಜೆ ಬಾವಲಿ ಊರಿನ ಗದ್ದೆಗೆ ಬಂದ ಆನೆ ಓಡಿಸಲು ಪಟಾಕಿ ಹೊಡೆದರು. ನನ್ನ ಮಗಳು ಅನಘಾ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ನುಗ್ಗಿದಳು, ನಿನ್ನ ಹಾಗೆಯೇ. ಎಳೆಯಲು ಕೈ ಚಾಚಿದ ನನಗೆ ಅಂಗನವಾಡಿಯ ಷೈಜ ಟೀಚರ್ ತಮ್ಮ ಮಲಯಾಳದಲ್ಲಿ ಅಕ್ಕ ಎಂದು ಕರೆದು ಹೇಳಿದ್ದು ನೆನಪಾಯಿತು: "ಚೇಚಿ, ಅದು ಹಠ ಅಲ್ಲ. ಆ ಸದ್ದು ಅವಳಿಗೆ ತಡೆಯೋಕಾಗಲ್ಲ. ಎಳೀಬೇಡಿ, ಹತ್ರ ಕೂತ್ಕೊಳ್ಳಿ."

ಕೂತೆ. ಸರಿಯೋ ತಪ್ಪೋ ತಿಳಿಯದೆ ಅಂಗೈಯನ್ನು ಮಂಚದ ಕೆಳಗೆ ಚಾಚಿಟ್ಟೆ. ಕೊನೆಗೆ ಅವಳ ಪುಟ್ಟ ಕೈ ನನ್ನ ಬೆರಳು ಹಿಡಿಯಿತು.

ನಿನ್ನನ್ನು ಅಪ್ಪ ಕಾಲು ಹಿಡಿದೆಳೆದು ಅಂಗಳದಲ್ಲಿ ನಿಲ್ಲಿಸುತ್ತಿದ್ದರು, ಧೈರ್ಯ ಬರಲಿ ಅಂತ. ಒಂದು ಸಂಜೆ ನೀನು ಕೈ ಬಿಡಿಸಿಕೊಂಡು ಕಾಡಿನ ಕಡೆ ಓಡಿದೆ. ತಿರುಗಿ ಬರಲಿಲ್ಲ.

ಅನಘಾ ಹೊರಗೆ ಬಂದ ಮೇಲೂ ನಾನು ಏಳಲಿಲ್ಲ, ತಮ್ಮಾ. ಕೈಯನ್ನು ಮಂಚದ ಕೆಳಗೇ ಚಾಚಿಕೊಂಡು ಕೂತಿದ್ದೆ.

ಅಕ್ಕ