ಕೊನೇ ಮೆಟ್ಟಿಲಿನ ಒಂದಿಂಚು

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ನಿನ್ನ ಎರಡು ಕಾಗದ ಬಂದು ತಿಂಗಳಾಯ್ತು, ಉತ್ತರ ಬರೀಲಿಲ್ಲ. ಬೆಳಗ್ಗೆ ಕಾಲೇಜಲ್ಲಿ ಪಾಠ, ಮಧ್ಯಾಹ್ನ ಆಫೀಸಲ್ಲಿ ನಕ್ಷೆ ಅಂತ ನೆಪ ಹೇಳಬಹುದು. ನಿಜ ಏನಂದ್ರೆ ಕೋಪದಲ್ಲಿ ಪೆನ್ನು ಹಿಡಿಯೋಕಾಗಲಿಲ್ಲ. ಈಗಲೂ ಮೈಯೆಲ್ಲ ಉರೀತಿದೆ.

ಎರಡನೇ ವರ್ಷದ ಆರ್ಕಿಟೆಕ್ಚರ್ ಮಕ್ಕಳಿಗೆ ಪ್ರತಿಸಲ ಕೊಡೋ ಕೆಲಸ ಇದು: ಒಂದು ಕಟ್ಟಡಕ್ಕೆ ಹೋಗಿ, ಟೇಪು ಹಿಡಿದು ಅಳೆದು, ಇದ್ದದ್ದು ಇದ್ದಹಾಗೆ ಬರ್ಕೊಂಡು ಬನ್ನಿ. ಒಬ್ಬಳು ಹುಡುಗಿ, ಮಾತಾಡಿದ್ರೆ ಮುತ್ತು ಉದುರುತ್ತೆ ಅನ್ನೋ ಥರದವಳು, ನಮ್ಮ ಕಾಲೇಜಿನ ಗ್ರಂಥಾಲಯವನ್ನೇ ಅಳೆದು ತಂದಳು. ನಾನೇ ನಕ್ಷೆ ಹಾಕಿ ಕಟ್ಟಿಸಿದ್ದು, ಉದ್ಘಾಟನೆಗೆ ನೀನೂ ಬಂದಿದ್ದೆಯಲ್ಲ, ಅದೇ. ಮೆಟ್ಟಿಲೆಲ್ಲ ಆರಿಂಚು ಎತ್ತರ, ಕಟ್ಟಕಡೆಯದು ಮಾತ್ರ ಏಳು ಅಂತ ಬರೆದಿದ್ದಳು. ನನ್ನ ಮೆಟ್ಟಿಲಿಗೇ! "ಟೇಪು ಹಿಡಿಯೋಕೆ ಬರಲ್ಲ, ಮನೆ ಕಟ್ಟೋಕೆ ಹೊರಟಿದ್ದೀಯಾ?" ಅಂತ ಎಲ್ಲರೆದುರು ಬೈದು ಸೊನ್ನೆ ಹಾಕಿದೆ.

ಅವಳು ಅಳಲಿಲ್ಲ. ಮಾರನೇ ದಿನ ಗ್ರಂಥಾಲಯದ ಬಾಗಿಲಲ್ಲಿ ಕಾಯ್ತಾ ನಿಂತಿದ್ದಳು. "ಸರ್, ಹತ್ತೋರೆಲ್ಲ ಅಲ್ಲೇ ಎಡವ್ತಾರೆ. ಟೇಪಿನ ಆ ತುದಿ ನೀವೇ ಹಿಡ್ಕೊಳ್ಳಿ" ಅಂದಳು. ಹಿಡ್ಕೊಂಡೆ. ಏಳಿಂಚು, ಅಕ್ಕಾ. ಮೂರು ಸಲ ಅಳೆದೆ.

ಮೇಸ್ತ್ರಿಗೆ ಫೋನ್ ಮಾಡಿ ಬಾಯಿಗೆ ಬಂದಹಾಗೆ ಬೈದೆ. ಆ ಪುಣ್ಯಾತ್ಮ ತಣ್ಣಗೆ ಹೇಳಿದ: "ಮೇಲಿನ ನೆಲಕ್ಕೆ ಟೈಲ್ಸ್ ಬಿಟ್ಟು ದಪ್ಪ ಕಲ್ಲು ಹಾಕ್ಲಾ, ಒಂದಿಂಚು ಏರುತ್ತೆ ಅಂತ ನಿಮ್ಮನ್ನೇ ಕೇಳಿದ್ದೆ ಸಾರ್. 'ಪಾಠದಲ್ಲಿದ್ದೀನಿ, ಹಾಕ್ಕೊಳ್ರೀ' ಅಂದ್ರಲ್ಲ!"

ಅಂದಿದ್ದೆ. ಕ್ಲಾಸಿನಿಂದ ಆಚೆ ಬಂದು ಅರ್ಧ ನಿಮಿಷ ಮಾತಾಡಿ ಒಳಗೆ ಹೋಗಿದ್ದೆ. ಕಟ್ಟಡ ಕಟ್ಟೋರೇ ಪಾಠ ಮಾಡ್ತಾರೆ ಅಂತ ಕಾಲೇಜಿನವರು ಮೆರೆಸ್ತಾರೆ, ಮೇಷ್ಟ್ರು ಅಂತ ಆಫೀಸಿಗೆ ಬಂದೋರು ನಂಬ್ತಾರೆ. ಇಪ್ಪತ್ತು ವರ್ಷ ಎರಡೂ ಕಡೆ ಅರ್ಧರ್ಧ ಇದ್ದೆ, ಅಷ್ಟೇ.

ಪ್ರಿನ್ಸಿಪಾಲರು ಬೇರೆ "ಒಂದು ಹಳದಿ ಪಟ್ಟಿ ಅಂಟಿಸಿ ಬಿಟ್ಬಿಡಿ, ಒಂದಿಂಚಿಗೆ ಯಾರು ಸಾಯ್ತಾರೆ?" ಅಂದ್ರು. ಎಲ್ಲಿತ್ತೋ ಸಿಟ್ಟು! "ಕಲ್ಲು ಕೀಳಿಸಿ, ಇಲ್ಲಾಂದ್ರೆ ನನ್ನ ರಾಜೀನಾಮೆ ತಗೊಳ್ಳಿ" ಅಂತ ಕೂಗಾಡಿ ಬಂದೆ. ನಾಳೆ ಕೀಳ್ತಾರೆ. ಕ್ಲಾಸಿನ ಎದುರೇ ಹುಡುಗಿಯ ಅಂಕ ತಿದ್ದಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಅಂದಳು. ಅದಕ್ಕೂ ಸಿಟ್ಟು ಬಂತು ನೋಡು.

ಭಾವನಿಗೆ ನಮಸ್ಕಾರ. ಮೊಮ್ಮಗಳಿಗೆ ನನ್ನ ಆಶೀರ್ವಾದ. ಗೋಡೆ ತುಂಬ ಮನೆ ಗೀಚ್ತಾಳಂತಲ್ಲ, ಗೀಚ್ಲಿ ಬಿಡು, ಬೈಬೇಡ.

ನಿನ್ನ ತಮ್ಮ,
ಸಿಡುಕಪ್ಪ

ತಾ.ಕ.: ಉದ್ಘಾಟನೆ ದಿನ ನೀನು ಬಿದ್ದದ್ದು ಅದೇ ಮೆಟ್ಟಿಲಲ್ಲಿ. ನೆಲದ ಮೇಲಿಂದಲೇ "ಮೆಟ್ಟಿಲು ಸರಿಯಿಲ್ಲ ಕಣೋ" ಅಂದೆ. ನಾನು ಅಷ್ಟೂ ಜನರೆದುರು "ಕಣ್ಣು ಎಲ್ಲಿಟ್ಟಿದ್ದೆ? ನನ್ನ ಮಾನ ಕಳೆದೆ" ಅಂತ ಗದರಿದೆ. ಸೊಂಟ ಮುರಿದು ಎರಡು ವರ್ಷದಿಂದ ಕೋಲು ಹಿಡಿದಿದ್ದೀಯ, ಆದರೂ ಪ್ರತಿ ಕಾಗದದಲ್ಲೂ "ನಂದೇ ತಪ್ಪು, ನೋಡಿ ನಡೀಬೇಕಿತ್ತು" ಅಂತ ಬರೀತೀಯ. ಇನ್ಮೇಲೆ ಹಾಗೆ ಬರೀಬೇಡ ಅಕ್ಕಾ. ನೀನು ನೋಡಿಯೇ ನಡೆದಿದ್ದೆ.