ಅತ್ತಿಗೆಯ ಮೇಜು

ಜೂನ್ ೧೨, ಗುರುವಾರ

ಬೆಳಿಗ್ಗೆ ನೋಡಿದೆ: ನನ್ನ ಪುಸ್ತಕಗಳ ರಟ್ಟಿನ ಪೆಟ್ಟಿಗೆಯ ಅಂಚಿನಲ್ಲಿ ಇಸ್ತ್ರಿಯ ಕಂದು ಗುರುತು. ನಗರದಲ್ಲಿ ಕೆಲಸ ಹೋಗಿ, ಬಾಡಿಗೆ ಏರಿ, ಊರಿಗೆ ಮರಳಿದಂದಿನಿಂದ ಆ ಪೆಟ್ಟಿಗೆಗಳನ್ನು ಬಿಚ್ಚಿಲ್ಲ. ಅತ್ತಿಗೆ ಅವುಗಳ ಮೇಲೆ ಕಂಬಳಿ ಹಾಸಿ ಇಸ್ತ್ರಿಯ ಮೇಜು ಮಾಡಿಕೊಂಡಿದ್ದಾರೆ.

ಮಧ್ಯಾಹ್ನ ಹಳೆಯ ಕಚೇರಿಯಿಂದ ಫೋನ್ ಬಂತು. ಅದೇ ಕೆಲಸ, ಅದೇ ಸಂಬಳ; ಬಾಡಿಗೆ ಮಾತ್ರ ಅದೇ ಅಲ್ಲ. ಇಲ್ಲಿನ ಮುದ್ರಣಾಲಯದವರು ಕರಡು ತಿದ್ದಲು ಕರೆದಿದ್ದಾರೆ. ಸಂಬಳ ಅರ್ಧ, ಆದರೆ ನಡೆದೇ ಹೋಗಬಹುದು. ಇಬ್ಬರಿಗೂ ನಾಳೆ ಉತ್ತರ ಬೇಕು.

"ಹೋಗೋದಾದ್ರೆ ಮೊದಲೇ ಹೇಳಮ್ಮ," ಅಂದರು ಅತ್ತಿಗೆ, ಅಣ್ಣನ ಅಂಗಿ ತಿರುವುತ್ತಾ. "ನನ್ನ ಮೇಜೂ ನಿನ್ನ ಹಿಂದೇನೇ ಬಸ್ಸು ಹತ್ತುತ್ತೆ."

ನಕ್ಕೆ. ಅವರು ನಗಲಿಲ್ಲ.

ಗೋಡೆಯ ಕಪಾಟಿನ ಕೆಳಗಿನ ಖಾನೆ ಖಾಲಿಯಿದೆ. ನಾಳೆ ಪೆಟ್ಟಿಗೆ ಬಿಚ್ಚುತ್ತೇನೆ. ಅತ್ತಿಗೆಗೆ ಒಂದು ಮೇಜು ಬೇಕಾಗುತ್ತದೆ.